ಅಳತೆಯ ದಿನ

ಯಾದಗಿರಿ ಸೀಮೆಯ ಅಂಗನವಾಡಿಯೊಂದರಲ್ಲಿ ಇವತ್ತು ಅಳತೆಯ ದಿನ. ಒಳಗೆ ಸಾರಿನ ಒಗ್ಗರಣೆ ಬಿದ್ದು ಮಕ್ಕಳೆಲ್ಲ ಕೆಮ್ಮುತ್ತಿದ್ದಾರೆ. ತೂಕದ ಯಂತ್ರ ಏರುವುದೆಂದರೆ ಎಲ್ಲರಿಗೂ ಖುಷಿ. ಎತ್ತರದ ಪಟ್ಟಿಗೆ ಹಿಮ್ಮಡಿ ಆನಿಸಿ ನೆಟ್ಟಗೆ ನಿಲ್ಲಬೇಕೆಂದರೆ ಮಾತ್ರ ಮೈಯೆಲ್ಲ ಕಚಗುಳಿ. ಎರಡು ವರ್ಷ ತುಂಬದವರನ್ನು ಹಲಗೆಯ ಮೇಲೆ ಮಲಗಿಸಿ ಅಳೆಯುತ್ತಾರೆ. ಮೊಣಕಾಲು ಒತ್ತಿ ಹಿಡಿದರೆ ಸಾಕು, ಕಿರುಚಾಟ ಬೀದಿಯ ತುದಿಗೆ ಕೇಳುತ್ತದೆ.

ಆಗಷ್ಟೇ ಮೂರು ತುಂಬಿದ ಹುಡುಗಿ ಪಟ್ಟಿಗೆ ಒರಗಿದಳು. ಗುಂಡು ಕೆನ್ನೆ, ಚುರುಕು ಕಣ್ಣು. ಎತ್ತರ 85 ಸೆಂ.ಮೀ. ಈ ವಯಸ್ಸಿಗೆ ಹೆಣ್ಣುಮಕ್ಕಳು ಸುಮಾರು 95 ಸೆಂ.ಮೀ. ಇರುತ್ತಾರೆ, 87.4ಕ್ಕಿಂತ ಕಡಿಮೆಯಿದ್ದರೆ ಕುಂಠಿತ ಬೆಳವಣಿಗೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಟೀಚರ್ ಮೊಬೈಲಿನಲ್ಲಿ ಅಂಕಿ ತುಂಬುತ್ತಿದ್ದರೆ ತಾಯಿ ನಕ್ಕಳು: "ಅವರಪ್ಪನೂ ಗಿಡ್ಡನೇ ಅದಾನ್ರೀ ಟೀಚರ್. ಇಕಿ ಎಲ್ಲಿಂದ ಉದ್ದ ಆಗ್ಬೇಕು?"

ಸೊರಗಿದ ಕೂಸನ್ನು ಕಂಡರೆ ಯಾರಾದರೂ ಮರುಗುತ್ತಾರೆ. ಓಣಿಯ ಮಕ್ಕಳೆಲ್ಲ ಗಿಡ್ಡಗಿದ್ದರೆ ಗಿಡ್ಡ ಕೂಸು ಯಾರ ಕಣ್ಣಿಗೆ ಬೀಳಬೇಕು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಐದು ವರ್ಷದೊಳಗಿನ ಶೇ 35.4 ಮಕ್ಕಳು ಹೀಗೆ ಕುಂಠಿತ ಬೆಳವಣಿಗೆಯವರಾಗಿದ್ದರು. ಯಾದಗಿರಿಯಲ್ಲಿ ಅರ್ಧಕ್ಕಿಂತ ಹೆಚ್ಚು.

ಸಹಾಯಕಿ ತಟ್ಟೆ ಹಾಕಿದಳು. ಮಕ್ಕಳ ಸಾಲಿನಾಚೆ ಬಸುರಿ ಹೆಣ್ಣುಮಗಳೊಬ್ಬಳು ಸೆರಗು ಸರಿಮಾಡಿಕೊಂಡು ಊಟಕ್ಕೆ ಕೂತಳು. ಬಿಸಿ ಅನ್ನ, ಸಾರು, ಪಲ್ಯ, ಮೊಟ್ಟೆ. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯ ಊಟ. ನನ್ನ ಕೇಳಿದರೆ ಆ ಕೋಣೆಯಲ್ಲಿ ಎಲ್ಲಕ್ಕಿಂತ ದೊಡ್ಡ ತಟ್ಟೆ ಅವಳದೇ. ಮಗು ಬಸಿರಲ್ಲಿ ಮೂಡಿದಾಗಿನಿಂದ ಎರಡು ವರ್ಷ ತುಂಬುವ ತನಕದ ಸಾವಿರ ದಿನಗಳಲ್ಲೇ ಬೆಳವಣಿಗೆ ಹೆಚ್ಚಾಗಿ ಹಿಂದೆ ಬೀಳುವುದು. ತಾಯಿಗೆ ರಕ್ತ ಕಡಿಮೆ, ಆರು ತಿಂಗಳು ದಾಟಿದ ಕೂಸಿಗೆ ಬೇಳೆ-ತುಪ್ಪದ ಬದಲು ಚಹಾದಲ್ಲಿ ಅದ್ದಿದ ಬಿಸ್ಕೀಟು, ಹೊಲಸು ನೀರಿನಿಂದ ಮೇಲಿಂದ ಮೇಲೆ ಭೇದಿ. ಮೂರರ ಹುಡುಗಿಗೂ ಮೊಟ್ಟೆ ಬೇಕೇ ಬೇಕು. ಆದರೆ ಅಷ್ಟರಿಂದಲೇ ಕಳೆದುಹೋದ ಎತ್ತರ ಪೂರ್ತಿ ಮರಳುವುದು ಕಷ್ಟ.

ತೊಗರಿ ರಾಶಿ ಮುಗಿದರೆ ಈ ಬಸುರಿಯ ಮನೆಗೂ ಬೀಗ. ಗಂಡ ಹೆಂಡತಿ ಬೆಂಗಳೂರಿಗೆ ಗುಳೆ ಹೊರಡುತ್ತಾರೆ. "ಅಲ್ಲಿ ಅಂಗನವಾಡಿ ಎಲ್ಲದ ಅಂತ ಯಾರಿಗೆ ಕೇಳ್ಲಿ ಯವ್ವಾ?" ಎಂದಳು. ಟೀಚರ್ ಅಂಕಿ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹೆಸರನ್ನು ಬೇರೆ ಕೇಂದ್ರಕ್ಕೆ ವರ್ಗಾಯಿಸಲು ಬರುತ್ತದೆ. ಆದರೆ ಕೇಂದ್ರದ ಬಾಗಿಲು ಹುಡುಕಿಕೊಂಡು ಹೋಗಬೇಕಾದವಳು ಅವಳೇ. ನಿಮ್ಮ ಬಡಾವಣೆಯಲ್ಲಿ ಏಳುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಬಸುರಿಯೋ ಹಸುಗೂಸೋ ಇದ್ದರೆ, ಹತ್ತಿರದ ಅಂಗನವಾಡಿಯ ದಾರಿಯನ್ನು ದಯವಿಟ್ಟು ನೀವೇ ತೋರಿಸಿ.