ನಮ್ಮೂರ ಕಡಲಲ್ಲೇ ವಿಂಡ್‌ಸರ್ಫಿಂಗ್ ರೇಸ್: ತಯಾರಿ ಹೇಗೆ?

ಹಲಗೆ ಇದೆ, ಹಾಯಿ ಇದೆ, ಹುರುಪಿನ ಗೆಳೆಯರೂ ಇದ್ದಾರೆ. ನಮ್ಮೂರಲ್ಲೇ ಒಂದು ರೇಸ್ ಸರಣಿ ನಡೆಸೋದು ಹೇಗೆ? ನೋಡೋಣ ಬನ್ನಿ.

ಒಂದು, ಹೊತ್ತು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಬೇಸಿಗೆಯ ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತೆ. ದಣಿದವರನ್ನು ದೂರ ಒಯ್ಯುತ್ತೆ. ಮಧ್ಯಾಹ್ನದ ಗಾಳಿ ಕಡಲಿಂದ ದಡದತ್ತ. ರೇಸ್ ಆಗಲೇ ಇಡಿ. ಮಳೆಗಾಲದಲ್ಲಿ ಬೇಡವೇ ಬೇಡ.

ಎರಡು, ದಾರಿ. ಗಾಳಿ ಬರುವ ದಿಕ್ಕಿಗೊಂದು, ಹೋಗುವ ದಿಕ್ಕಿಗೊಂದು ತೇಲುವ ಗುರುತು ಕಟ್ಟಿ. ಗಾಳಿಗೆ ನೇರ ಎದುರು ಹಾಯಿ ಓಡಲ್ಲ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಓರೆಯಾಗಿ ಹಾಯ್ದೇ ಮೇಲೇರಬೇಕು. ಜಾಣ್ಮೆಯ ಪರೀಕ್ಷೆ ಅಲ್ಲೇ.

ಮೂರು, ಸ್ಟಾರ್ಟ್. 5 ನಿಮಿಷ ಇದ್ದಾಗ ಮೊದಲ ಬಾವುಟ ಏರುತ್ತೆ. 4 ನಿಮಿಷ ಇದ್ದಾಗ ನೀಲಿ ಬಾವುಟ, ನಡುವೆ ಬಿಳಿ ಚೌಕ. 1 ನಿಮಿಷ ಇದ್ದಾಗ ನೀಲಿ ಇಳಿಯುತ್ತೆ. ಮೊದಲ ಬಾವುಟವೂ ಇಳಿಯಿತಾ? ಹೊರಡಿ! ಹಾರ್ನ್ ಕೇಳಿಸದಿದ್ದರೂ ಬಾವುಟವೇ ಲೆಕ್ಕ.

ನಾಲ್ಕು, ನಿಯಮ. ಇಬ್ಬರು ಎದುರಾದರೆ, ಮಾಸ್ಟ್ ಅಂದರೆ ಹಾಯಿಕಂಬದ ಪಕ್ಕ ಬಲಗೈ ಇರುವವರಿಗೆ ದಾರಿ. ಎಡಗೈ ಇರುವವರು ಸರಿದುಕೊಳ್ಳಬೇಕು.

ಐದು, ಅಂಕ. ಮೊದಲು ಬಂದವರಿಗೆ 1, ಎರಡನೆಯವರಿಗೆ 2. ಪ್ರತಿಯೊಬ್ಬರ ಅತಿ ಕೆಟ್ಟ ರೇಸ್ ಒಂದನ್ನು ಬಿಟ್ಟು ಕೂಡಿಸಿ. ಕಡಿಮೆ ಮೊತ್ತದವರೇ ಚಾಂಪಿಯನ್. ಒಂದು ದಿನ ಎಡವಿದ ಹೊಸಬರಿಗೂ ಅವಕಾಶ ಉಳಿಯುತ್ತೆ.

ಎಲ್ಲಕ್ಕಿಂತ ಮುಖ್ಯ, ಜೀವ. ಎಲ್ಲರಿಗೂ ಲೈಫ್ ಜಾಕೆಟ್, ಎಂಜಿನ್ ಇರುವ ರಕ್ಷಣಾ ದೋಣಿ. ಕರಾವಳಿ ಪೊಲೀಸರಿಗೂ ಮೀನುಗಾರರಿಗೂ ಮೊದಲೇ ತಿಳಿಸಿ. ನೀರಿಗಿಳಿಯುವಾಗ ಒಂದು ಸಹಿ, ದಡಕ್ಕೆ ಬಂದಾಗ ಇನ್ನೊಂದು. ಕೊನೆಯ ಸಹಿ ಬೀಳುವ ತನಕ ರೇಸ್ ಮುಗಿದಿಲ್ಲ!