ರೂಟರ್ ಬೂಟ್ ಆಗಿದೆ, ಪ್ಯಾಕೆಟ್ ಮಾತ್ರ ಹೋಗುತ್ತಿಲ್ಲ

ವೈಓಎಸ್, ಮೈಕ್ರೋಟಿಕ್ ಸಿಎಚ್‌ಆರ್, ಸಿಸ್ಕೋ ಕ್ಯಾಟಲಿಸ್ಟ್ 8000ವಿ: ಯಾವ ಸಾಫ್ಟ್‌ವೇರ್ ರೂಟರನ್ನೇ ಆಗಲಿ ಎಡಬ್ಲ್ಯುಎಸ್‌ನಲ್ಲಿ ಎಬ್ಬಿಸುವುದು ಹತ್ತು ನಿಮಿಷದ ಕೆಲಸ. ತಲೆನೋವು ಶುರುವಾಗುವುದು ಆಮೇಲೆ. ಅದರಲ್ಲಿ ಬಹುಪಾಲು, ರ‍್ಯಾಕ್ ಮತ್ತು ಕೇಬಲ್ಲಿನ ಕಾಲದ ನಂಬಿಕೆಗಳು ತಂದಿಡುವಂಥದ್ದು.

ತಪ್ಪು ಕಲ್ಪನೆ: ಇಂಟರ್‌ಫೇಸಿಗೆ ಐಪಿ ಕೊಟ್ಟು, ಒಳಗೆ ರೂಟ್ ಬರೆದರೆ ಸಾಕು.

ಸತ್ಯ: ತನ್ನದಲ್ಲದ ವಿಳಾಸದ ಪ್ಯಾಕೆಟ್ಟನ್ನು ಇಸಿ2 ಯಂತ್ರದ ಹತ್ತಿರವೂ ಬಿಡುವುದಿಲ್ಲ. ‘ಸೋರ್ಸ್/ಡೆಸ್ಟಿನೇಷನ್ ಚೆಕ್’ ಎಂಬ ಕಾವಲು ಮೊದಲಿನಿಂದಲೇ ಆನ್ ಆಗಿರುತ್ತದೆ. ರೂಟರಿನ ಕೆಲಸವೋ ಊರವರ ಪ್ಯಾಕೆಟ್ ಸಾಗಿಸುವುದೇ. ರೂಟರಿನಿಂದ ಎರಡೂ ಕಡೆ ಪಿಂಗ್ ಹೋಗುತ್ತದೆ, ಅದರ ಹಿಂದಿರುವ ಸರ್ವರಿನಿಂದ ಹೋಗುವುದಿಲ್ಲ, ರೂಟರಿನಲ್ಲಿ ಟಿಸಿಪಿಡಂಪ್ ಹಾಕಿದರೆ ಏನೂ ಕಾಣುವುದಿಲ್ಲ. ಹೀಗಾದರೆ ಕಾನ್ಫಿಗರೇಷನ್ ಕೆದಕುವ ಮೊದಲು ಆ ಚೆಕ್ ಆಫ್ ಮಾಡಿ. (ಅಜ್ಯೂರ್‌ನಲ್ಲಿ ಇದೇ ಕೆಲಸಕ್ಕೆ ‘ಐಪಿ ಫಾರ್ವರ್ಡಿಂಗ್’ ಆನ್ ಮಾಡಬೇಕು.)

ಅದಾದ ಮೇಲೂ ದಾರಿ ತೋರಿಸುವುದು ವಿಪಿಸಿಯೇ, ಅಂದರೆ ಎಡಬ್ಲ್ಯುಎಸ್‌ನೊಳಗಿನ ನಿಮ್ಮ ಖಾಸಗಿ ನೆಟ್‌ವರ್ಕ್. 10.0.1.0/24 ಸಬ್‌ನೆಟ್ಟಿನಲ್ಲಿ 10.0.1.1 ವಿಪಿಸಿಯ ಸ್ವಂತ ರೂಟರ್. ನಿಮ್ಮ ಸರ್ವರುಗಳ ಗೇಟ್‌ವೇ ಅದೇ. ಅವುಗಳ ರೂಟ್ ಟೇಬಲ್ಲಿನಲ್ಲಿ 0.0.0.0/0 ಅನ್ನು ನಿಮ್ಮ ರೂಟರಿನ ಇಂಟರ್‌ಫೇಸಿಗೆ ತಿರುಗಿಸಬೇಕು. ರೂಟರಿನ ಹೊರಮುಖದ ಸಬ್‌ನೆಟ್ಟಿಗೆ ಬೇರೆಯೇ ಟೇಬಲ್ ಇರಲಿ, ಅದು ಇಂಟರ್ನೆಟ್ ಗೇಟ್‌ವೇ ಕಡೆ ನೋಡಲಿ. ಎರಡಕ್ಕೂ ಒಂದೇ ಟೇಬಲ್ ಇಟ್ಟರೆ ಹೊರಟ ಪ್ಯಾಕೆಟ್ ಮತ್ತೆ ನಿಮ್ಮ ರೂಟರಿಗೇ ಬಂದು ಬೀಳುತ್ತದೆ.

ತಪ್ಪು ಕಲ್ಪನೆ: ಎರಡು ರೂಟರ್ ಇಟ್ಟು ವಿಆರ್‌ಆರ್‌ಪಿ ಓಡಿಸಿದರೆ ಒಂದು ಬಿದ್ದಾಗ ಇನ್ನೊಂದು ಎದ್ದು ನಿಲ್ಲುತ್ತದೆ.

ಸತ್ಯ: ವಿಪಿಸಿಯಲ್ಲಿ ಬ್ರಾಡ್‌ಕಾಸ್ಟ್ ಇಲ್ಲ. ಎರಡನೇ ರೂಟರ್ ‘ಈ ಐಪಿ ಈಗ ನನ್ನದು’ ಎಂದು ಎಆರ್‌ಪಿಯಲ್ಲಿ ಎಷ್ಟು ಕೂಗಿದರೂ ಕೇಳಿಸಿಕೊಳ್ಳುವವರಿಲ್ಲ. ಅದು ಎಪಿಐ ಮೂಲಕ ರೂಟ್ ಟೇಬಲ್ಲನ್ನೇ ತಿದ್ದಬೇಕು. ಅದಕ್ಕೆ ‘ರಿಪ್ಲೇಸ್‌ರೂಟ್’ ಅನುಮತಿಯಿರುವ ಐಎಎಂ ರೋಲ್ ಬೇಕು. ಇದನ್ನು ಪರೀಕ್ಷಿಸದೆ ಹೈ ಅವೈಲಬಿಲಿಟಿ ಎಂದು ಹೇಳಿಕೊಳ್ಳುವುದು ಧೈರ್ಯದ ಮಾತೇ ಸರಿ.

ತಪ್ಪು ಕಲ್ಪನೆ: ಪಬ್ಲಿಕ್ ಐಪಿ ರೂಟರಿನ ಮೇಲೇ ಇರುತ್ತದೆ.

ಸತ್ಯ: ಇಲ್ಲ. ರೂಟರಿಗೆ ಗೊತ್ತಿರುವುದು ಖಾಸಗಿ ವಿಳಾಸ ಮಾತ್ರ. ಒಂದಕ್ಕೊಂದು ನ್ಯಾಟ್ ಹೊರಗೆ ನಡೆಯುತ್ತದೆ. ಹಾಗಾಗಿ ಐಪಿಸೆಕ್ ಟನಲ್ ಕಟ್ಟುವಾಗ ಯುಡಿಪಿ 500ರ ಜೊತೆ 4500 ಕೂಡ ತೆರೆದಿರಬೇಕು.

ವೇಗ, ಖರ್ಚುಗಳ ಲೆಕ್ಕವೂ ತಪ್ಪುತ್ತದೆ. ಟಿ3.ಮೀಡಿಯಂ ಮುಂದೆ ‘5 ಗಿಗಾಬಿಟ್‌ವರೆಗೆ’ ಎಂದಿದ್ದರೂ ಸದಾ ಸಿಗುವ ಭರವಸೆ ಸುಮಾರು 256 ಮೆಗಾಬಿಟ್. ಸಿಎಚ್‌ಆರ್‌ನ ಉಚಿತ ಲೈಸೆನ್ಸ್ ಒಂದು ಇಂಟರ್‌ಫೇಸಿಗೆ 1 ಮೆಗಾಬಿಟ್ಟಿಗೇ ನಿಲ್ಲುತ್ತದೆ. ಯಂತ್ರ ನಿಲ್ಲಿಸಿಟ್ಟರೆ ಬಿಲ್ ನಿಲ್ಲುತ್ತದೆ ಎಂದುಕೊಂಡವರಿಗೆ: ಡಿಸ್ಕಿನ ಬಾಡಿಗೆ ಓಡುತ್ತಲೇ ಇರುತ್ತದೆ, ಹಿಡಿದಿಟ್ಟ ಪಬ್ಲಿಕ್ ಐಪಿವಿ4 ವಿಳಾಸಕ್ಕೂ ಗಂಟೆಗೆ 0.005 ಡಾಲರ್. ಬಳಕೆಯಲ್ಲಿರುವ ವಿಳಾಸಗಳಿಗೂ 2024ರ ಫೆಬ್ರವರಿಯಿಂದ ಅದೇ ದರ.