ಉಕ್ಕಿನ ಗೋಡೆಗೆ ಉಳಿ ಸಿಕ್ಕ ಕತೆ

ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆ ಹೋಗುವಾಗ ಕಲ್ಲು ಒಡೆಯುವವರು ಕಂಡರೆ ನಾನು ಗಾಡಿ ನಿಲ್ಲಿಸುತ್ತೇನೆ. ಬಂಡೆಯ ಪಕ್ಕದಲ್ಲೇ ಪುಟ್ಟ ಕುಲುಮೆ. ಮೊಂಡಾದ ಉಳಿಯನ್ನು ಕೆಂಪಗೆ ಕಾಯಿಸಿ, ಬಡಿದು, ತುದಿಯನ್ನಷ್ಟೇ ನೀರಿಗೆ ಅದ್ದುತ್ತಾರೆ. ಚುಸ್ಸೆಂದು ಹಬೆ ಏಳುತ್ತದೆ. ಮೇಲೆತ್ತಿ ಬಣ್ಣ ನೋಡುತ್ತಾರೆ. ಒಣಹುಲ್ಲಿನ ಹಳದಿ ಮೊನೆಯತ್ತ ಓಡಿಬರುತ್ತದೆ, ಅದರ ಬೆನ್ನಿಗೇ ನೀಲಿ. ಸರಿಯಾದ ಗಳಿಗೆಗೆ ಮತ್ತೆ ನೀರು. ಹದ ಹೆಚ್ಚಾದರೆ ಮೊನೆ ಮುರಿಯುತ್ತದೆ, ಕಡಿಮೆಯಾದರೆ ಮಡಿಚಿಕೊಳ್ಳುತ್ತದೆ.

ಕವಚ ಸೀಳುವ ಗುಂಡಿನೊಳಗೆ ಇರುವುದೂ ಇಂಥದೇ ಒಂದು ಉಳಿ. ಹೊರಗೆ ಮೆತ್ತನೆಯ ಲೋಹದ ಹೊದಿಕೆ, ಒಳಗೆ ಹದ ಕೊಟ್ಟ ಉಕ್ಕಿನ ಮೊನೆ. ತಗಡಿಗೆ ತಾಗಿದಾಗ ಹೊದಿಕೆ ಹೊರಗೇ ಕಳಚಿ ಬೀಳುತ್ತದೆ, ಉಳಿ ಒಳಗೆ ನುಗ್ಗುತ್ತದೆ.

ಇದು ಒಬ್ಬರ ತಲೆಯಲ್ಲಿ ಒಂದೇ ದಿನ ಹೊಳೆದದ್ದಲ್ಲ. ಮೊದಲ ಮಹಾಯುದ್ಧದಲ್ಲಿ ಮಷೀನ್ ಗನ್ನಿನ ಎದುರು ಬಯಲಲ್ಲಿ ನಡೆಯುವುದೇ ಅಸಾಧ್ಯವಾದಾಗ ಬ್ರಿಟಿಷರು ಟ್ಯಾಂಕ್ ತಂದರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಅದು ಮೊದಲ ಸಲ ಹೊರಟಿತು. ಕವಚ ಹೆಚ್ಚೆಂದರೆ 12 ಮಿಲಿಮೀಟರ್. ಜರ್ಮನರು ಮಾಮೂಲಿ ರೈಫಲ್ಲಿಗೇ ಉಕ್ಕಿನ ಮೊನೆಯ ಗುಂಡು ಹಾಕಿ ಅದನ್ನು ತೂತು ಮಾಡಿದರು. ಬ್ರಿಟಿಷರು ಕವಚ ಗಟ್ಟಿ ಮಾಡಿದರು. ಅದಕ್ಕೆ ಉತ್ತರವಾಗಿ 1918ರಲ್ಲಿ ಮೌಸರ್ ಕಂಪನಿಯಿಂದ ಟ್ಯಾಂಕ್ ಹೊಡೆಯುವುದಕ್ಕೆಂದೇ 13.2 ಮಿಲಿಮೀಟರಿನ ರೈಫಲ್ ಬಂತು. ಒಂದು ಸಲಕ್ಕೆ ಒಂದೇ ಗುಂಡು. ಹೊಡೆದವನ ಭುಜ ಜಜ್ಜಿಹೋಗುವಷ್ಟು ಒದೆತ.

ಆ ಯುದ್ಧದ ನಡುವೆಯೇ ಅಮೆರಿಕದ ಸೇನಾಪತಿ ಪರ್ಶಿಂಗ್ ದೊಡ್ಡ ಬಾಯಿಯ ಮಷೀನ್ ಗನ್ ಬೇಕೆಂದು ಕೇಳಿದ್ದರು. ಗುಂಡಿನ ಅಗಲ ಅರ್ಧ ಇಂಚು, ವೇಗ ಸೆಕೆಂಡಿಗೆ ಸುಮಾರು 820 ಮೀಟರ್. ಕೆಲಸ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಕೈಗೆ ಹೋಯಿತು.

ಇಲ್ಲಿ ನಮ್ಮವರನ್ನು ನೆನೆಯದೆ ಮುಂದೆ ಹೋಗಲಾರೆ. 1918ರ ಸೆಪ್ಟೆಂಬರ್ 23ರಂದು ಅಂದಿನ ಪ್ಯಾಲೆಸ್ಟೈನಿನ ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರ ಜೊತೆ ಭರ್ಜಿ ಹಿಡಿದು, ಮಷೀನ್ ಗನ್ ಇಟ್ಟಿದ್ದ ಕಾರ್ಮೆಲ್ ಬೆಟ್ಟದ ಮೇಲೇರಿ ಊರನ್ನು ಗೆದ್ದರು. ಅವರ ಮೈಮೇಲೆ ಯಾವ ಕವಚವೂ ಇರಲಿಲ್ಲ. ಅಂದು ಸತ್ತ ಕುದುರೆಗಳೇ ಅರವತ್ತು.

ಹೈಫಾ ಮುಗಿದ 22 ದಿನಕ್ಕೆ, ಅಕ್ಟೋಬರ್ 15ರಂದು, ಬ್ರೌನಿಂಗರ ಹೊಸ ಗನ್ ಪರೀಕ್ಷೆಗೆ ಬಂತು. ಬಂದೂಕು ಓಡಿತು, ಗುಂಡು ಸೋತಿತು. ವೇಗ 700 ಮೀಟರಿನಷ್ಟೇ. ಹಡಗಲಿಯ ಜೋಳದ ಹೊಲದಲ್ಲಿ ಕವಣೆ ಬೀಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಲ್ಲು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಷ್ಟು ಬಿರುಸಾಗಿ ಹೋಯಿತು ಎನ್ನುವುದೇ ಮುಖ್ಯ. ವೇಗ ಎರಡರಷ್ಟಾದರೆ ಪೆಟ್ಟು ನಾಲ್ಕರಷ್ಟು. ಆಗ ಸೆರೆಸಿಕ್ಕ ಜರ್ಮನ್ 13.2ರ ತೋಟಾಗಳನ್ನು ಅಳೆದು ನೋಡಿದರು. ಸುಮಾರು 52 ಗ್ರಾಮಿನ ಗುಂಡು, ಬೇಕಾಗಿದ್ದ ವೇಗದ ಆಸುಪಾಸು! ಅದನ್ನು ಮುಂದಿಟ್ಟುಕೊಂಡು ತಮ್ಮ ತೋಟಾವನ್ನು ತಿದ್ದಿದರು. ಬ್ರೌನಿಂಗ್ 1926ರಲ್ಲಿ ಬೆಲ್ಜಿಯಂನಲ್ಲಿ ತೀರಿಕೊಂಡರು. ಗನ್ ಎಂ-2 ಎಂಬ ಹೆಸರಿನಲ್ಲಿ ಪೂರ್ತಿಯಾದದ್ದು 1933ರಲ್ಲಿ.

ಅಷ್ಟರಲ್ಲಿ ಟ್ಯಾಂಕುಗಳ ಕವಚ ಬೆಳೆದು ಇಂಥ ಗುಂಡುಗಳಿಗೆ ಜಗ್ಗದಾಗತೊಡಗಿತ್ತು. ರಷ್ಯಾದಲ್ಲೂ ಇದೇ ಆಯಿತು. 1941ರಲ್ಲಿ ಟ್ಯಾಂಕಿಗೆಂದು ತಂದ 14.5 ಮಿಲಿಮೀಟರಿನ ರೈಫಲ್ಲುಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು, ತೋಟಾ ಮಾತ್ರ ಉಳಿಯಿತು. ಆ ತೋಟಾಕ್ಕೆಂದೇ ವಿನ್ಯಾಸಕ ವ್ಲಾದಿಮಿರೊವ್ ಒಂದು ಮಷೀನ್ ಗನ್ ಕಟ್ಟಿದರು. ಈ ಕತೆಯಲ್ಲಿ ನಿಜವಾದ ಆವಿಷ್ಕಾರ ಇದೇ ಎಂದು ನನಗನ್ನಿಸುತ್ತದೆ. ಟ್ಯಾಂಕಿಗೆಂದು ಹುಟ್ಟಿದ ಗುಂಡು ಟ್ಯಾಂಕಿನ ಮುಂದೆ ಸೋತು, ಸೈನಿಕರನ್ನು ಹೊತ್ತೊಯ್ಯುವ ಹಗುರ ಕವಚದ ವಾಹನಗಳ ಮೇಲೆ ತಿರುಗಿತು. ಮಾಮೂಲಿ 7.62 ಮಿಲಿಮೀಟರಿನ ಗುಂಡಿನ ಶಕ್ತಿ ಸುಮಾರು 3,500 ಜೂಲ್. 12.7ಕ್ಕೆ, ಅಂದರೆ ಅರ್ಧ ಇಂಚಿನದಕ್ಕೆ, 17,000ದ ಆಸುಪಾಸು. 14.5ಕ್ಕೆ 30,000 ದಾಟುತ್ತದೆ. ಇವತ್ತು ನೇಟೋ ಅಳತೆಯಲ್ಲಿ ನಾಲ್ಕನೇ ಹಂತದ ರಕ್ಷಣೆ ಎಂದರೆ ಈ 14.5 ಗುಂಡನ್ನು 200 ಮೀಟರಿನಿಂದ ಹೊಡೆದರೂ ತಡೆಯಬೇಕು.

ತಗಡು ದಪ್ಪ ಮಾಡಿದರೆ ವಾಹನ ಭಾರವಾಗಿ ಹೊಳೆ ದಾಟಲಾರದು. ಅದಕ್ಕೇ ಮುಂಭಾಗವನ್ನು ಓರೆ ಮಾಡುತ್ತಾರೆ. 15 ಮಿಲಿಮೀಟರಿನ ತಗಡನ್ನು 60 ಡಿಗ್ರಿ ವಾಲಿಸಿದರೆ ನೇರ ಬರುವ ಗುಂಡಿಗೆ ಅದು 30 ಮಿಲಿಮೀಟರ್. ಪಕ್ಕದ ತಗಡಿಗೆ ಅಷ್ಟು ಓರೆ ಕೊಟ್ಟರೆ ಒಳಗೆ ಆಳುಗಳಿಗೆ ಜಾಗ ಸಾಲದು, ಹಾಗಾಗಿ ಪಕ್ಕ ಮುಂಭಾಗದಷ್ಟು ಗಟ್ಟಿಯಲ್ಲ. ಮೇದಕ್ ಕಾರ್ಖಾನೆಯಲ್ಲಿ ತಯಾರಾದ ನಮ್ಮ ಸೇನೆಯ ಬಿಎಂಪಿ-2 ‘ಸರಥ್’ ವಾಹನದ ಹಿಂಭಾಗದಲ್ಲಿ ಸೈನಿಕರು ಬೆನ್ನಿಗೆ ಬೆನ್ನು ಕೊಟ್ಟು, ಆ ಪಕ್ಕದ ತಗಡಿಗೇ ಮುಖ ಮಾಡಿ ಕೂರುತ್ತಾರೆ. ನಮ್ಮ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಹಳ್ಳಿಗಳಿಂದ ಸೇನೆಗೆ ಹೋದ ಹುಡುಗರೂ ಅಲ್ಲಿ ಕೂರುವವರೇ. ಭಾರೀ ಮಷೀನ್ ಗನ್ನಿನ ಸದ್ದು ಕೇಳಿದೊಡನೆ ಚಾಲಕ ತಪ್ಪಿಸಿಕೊಳ್ಳಲೆಂದು ವಾಹನವನ್ನು ಪಕ್ಕಕ್ಕೆ ಹೊರಳಿಸಬಾರದು. ವಾಹನದ ಮೂತಿಯನ್ನು ಆ ಸದ್ದಿನ ಕಡೆಗೇ ತಿರುಗಿಸಬೇಕು.